ಒರಿಜಿನಲ್

ಎಲ್ಲರೂ ಮರೆಯುವುದು ಒರಿಜಿನಲ್ಲನ್ನೇ.
ನಕಲು ಎಣಿಸಿಕೊಳ್ಳುತ್ತಾರೆ, ಚಿಲ್ಲರೆ ಎಣಿಸಿಕೊಳ್ಳುತ್ತಾರೆ,
ಮುಚ್ಚಳದಡಿ ಗಾಜಿಗೆ ಮುಖವೊತ್ತಿ ಮಲಗಿದ ಹಾಳೆ
ಹಾಗೇ ಉಳಿಯುತ್ತದೆ.
"ಓ ಮಗಾ, ಒರಿಜಿನಲ್!" ಎಂದು ಕೂಗಬೇಕು ನಾನು
ಹಂಪನಕಟ್ಟೆಯ ಬಸ್ಸುಗಳ ಹಾರನ್ನಿಗಿಂತ ಮೇಲೆ.
ಕೆಲವರಿಗೆ ಕೇಳುತ್ತದೆ.

ಕೇಳದವರದ್ದು ಕೆಳಗಿನ ಡ್ರಾಯರಿನಲ್ಲಿ ಉಂಟು:
ಎರಡು ಜಾತಿ ಸರ್ಟಿಫಿಕೇಟು, ಒಂದು ಮದುವೆಯದ್ದು,
ಯಾರದೋ ರಕ್ತಪರೀಕ್ಷೆಯ ರಿಪೋರ್ಟು,
ಮತ್ತೆ, ಎಂಟು ವರ್ಷದಿಂದ,
ಧನಪಾಲ ಪುತ್ರನ್, ಬಿ.ಎಸ್ಸಿ., ಪ್ರಥಮ ದರ್ಜೆ.
ಮೊಹರಿನ ಚಿನ್ನದ ಬಣ್ಣ ಇನ್ನೂ ಹೋಗಿಲ್ಲ.

ನನ್ನದು ಬಿ.ಕಾಂ., ಎರಡನೇ ವರ್ಷದ ದೀಪಾವಳಿಯವರೆಗೆ.
ಹಂಚಿನ ಕಾರ್ಖಾನೆ ಬಾಗಿಲು ಹಾಕಿತು.
ಅಪ್ಪ ಜಗಲಿಯಲ್ಲಿ ಕೂತರು, ಕೂತೇ ಇದ್ದರು.
ಫೀಸಿನ ಕೊನೆಯ ದಿನ ಬುಧವಾರ;
ಗುರುವಾರ ನಾನು ಈ ಕೌಂಟರಿನ ಹಿಂದೆ ನಿಂತಿದ್ದೆ.
ಕಾಲೇಜಿನ ಗೇಟಿನಿಂದ ಇಲ್ಲಿಗೆ ಮೂವತ್ತು ಹೆಜ್ಜೆ,
ಲಾರಿ ಬಂದರೆ ಮೂವತ್ತೆರಡು.

ಈಗ ಅಂಗಡಿ ನನ್ನದೇ.
ಮಕ್ಕಳು ಕೌಂಟರಿಗೆ ಮೊಣಕೈ ಊರಿ ಕೇಳುತ್ತವೆ:
"ಗುಲಾಬಿಯಕ್ಕಾ, ಓದಿ ಎಂತ ಉಂಟು ಹೇಳಿ?
ನಿಮಗೆ ಡಿಗ್ರಿ ಇಲ್ಲದೆಯೂ ಮೂರು ಮೆಷಿನ್ನು, ಹೊಸ ಸ್ಕೂಟರು."
ನಾನು ಕೇಳುತ್ತೇನೆ:
"ಒಂದು ಬದಿಯಾ, ಎರಡು ಬದಿಯಾ?"

ರ್‍ಯಾಂಕು ಬಂದ ಹುಡುಗಿಯೊಬ್ಬಳು ತಿಂಗಳಿಗೊಮ್ಮೆ ಬರುತ್ತಾಳೆ,
ಬಯೋಡೇಟಾ ಹಿಡಿದು.
ಮೊದಲು ಇಪ್ಪತ್ತು ಪ್ರತಿ, ಆಮೇಲೆ ಹತ್ತು,
ಈ ಸಲ ನಾಲ್ಕು.
"ಪೇಪರು ಸ್ವಲ್ಪ ದಪ್ಪದ್ದು ಹಾಕಿ ಅಕ್ಕಾ" ಎಂದಳು.
ಹಾಕಿದೆ. ದಪ್ಪದ್ದಕ್ಕೆ ಹೆಚ್ಚಿನ ದುಡ್ಡು ಹೇಳಲಿಲ್ಲ.

ಮೊನ್ನೆ ಒಬ್ಬ ಪೋರ ಬಿಲ್‌ಬುಕ್ಕಿನ ಹಾಳೆ ತಂದ,
ತುದಿ ಒದ್ದೆ, ಬಂಗುಡೆಯ ವಾಸನೆ.
ಮೇಲೆ ಐಸ್ ಪ್ಲಾಂಟಿನ ಹೆಸರು, ಬಂದರು ದಕ್ಕೆ;
ಕೆಳಗೆ ಸಣ್ಣಕ್ಷರದಲ್ಲಿ: ಮಾಲೀಕರು, ಧನಪಾಲ ಪುತ್ರನ್.

ಭಾನುವಾರ ಹೋದೆ, ಪ್ಲಾಸ್ಟಿಕ್ ಫೈಲಿನಲ್ಲಿ ಅದನ್ನಿಟ್ಟುಕೊಂಡು,
ಮಗುವನ್ನು ಪೋಲಿಯೋ ಹನಿಗೆ ಒಯ್ಯುವವಳ ಹಾಗೆ.
ಐಸಿನ ದಿಮ್ಮಿಗಳು ಹಲಗೆಯ ಮೇಲೆ ಜಾರಿ ಬರುತ್ತಿದ್ದವು,
ಪುಡಿಯಾಗಿ ಬೋಟಿನ ಹೊಟ್ಟೆಗೆ ಸುರಿಯುತ್ತಿದ್ದವು.
"ಅದಾ!" ಎಂದು ನಕ್ಕರು ಅವರು.
"ಇಷ್ಟು ವರ್ಷ ಒಬ್ಬನೂ ಕೇಳಲಿಲ್ಲ ಮಾರಾಯ್ರೆ.
ಇಲ್ಲಿ ಲೆಕ್ಕಕ್ಕೆ ಬರುವ ಡಿಗ್ರಿ ಅದೊಂದೇ, ನೋಡಿ,"
ಗೋಡೆಯ ಮೀಟರು ತೋರಿಸಿದರು. ಮೈನಸ್ ಹತ್ತು.
"ಉಪ್ಪು ನೀರು ಅಷ್ಟಕ್ಕೂ ಹೆಪ್ಪುಗಟ್ಟುವುದಿಲ್ಲ, ಯಾಕೆಂದರೆ
ಉಪ್ಪಿನ ಕಣಗಳು ನೀರಿನ ಅಣುಗಳ ನಡುವೆ..."
ಬೆರಳು ಗಾಳಿಯಲ್ಲಿ ಏನೋ ಬರೆಯತೊಡಗಿತ್ತು.
ದನಿ ಬೇರೆಯಾಗಿತ್ತು, ಬೆಂಚಿನಿಂದೆದ್ದು ನಿಂತ ಹುಡುಗನದ್ದು.
ಆಗ ಲಾರಿ ಹಾರನ್ ಹೊಡೆಯಿತು.

ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.
ಇದೊಂದು ಹಾಳೆಗೆ ನಾನಾಗಿದ್ದರೆ
ಮೂವತ್ತು ಹೆಜ್ಜೆಯನ್ನು ಮೊಣಕಾಲಲ್ಲಿ ದಾಟುತ್ತಿದ್ದೆ.
ಇವರು ಗಾಜಿನ ಮೇಲೆ ಬಿಟ್ಟು ಹೋದರು, ಕೊಡೆ ಬಿಟ್ಟ ಹಾಗೆ.

ಆದರೆ ಫೈಲು ಚಾಚಿದಾಗ
ಅವರು ಕೈಯನ್ನು ಲುಂಗಿಗೆ ಒರೆಸಿಕೊಂಡರು.
ಒಂದು ಬದಿ. ಮತ್ತೆ ತಿರುಗಿಸಿ
ಇನ್ನೊಂದು ಬದಿ.
ಆಮೇಲೂ ಮುಟ್ಟಲಿಲ್ಲ.

"ನಿಮ್ಮಲ್ಲೇ ಇರಲಿ ಅಕ್ಕಾ, ಇಲ್ಲಿ ಎಲ್ಲ ಪಸೆ.
ಒಂದು ಕಾಪಿ ಮಾತ್ರ ಕಳಿಸಿ, ಆಫೀಸಿನಲ್ಲಿ ಹಾಕುವ."
"ಕಪ್ಪು ಬಿಳುಪಾ, ಕಲರಾ?"
ಬೋಟಿನವರು ಕೂಗುತ್ತಿದ್ದರು, ಫೋನು ಹೊಡೆದುಕೊಳ್ಳುತ್ತಿತ್ತು,
ಅವರು ನಿಂತು ಯೋಚಿಸಿದರು, ತುಂಬ ಹೊತ್ತು.
"ಕಲರ್."

ಮೊಹರಿನ ಚಿನ್ನ ಕಾಪಿಯಲ್ಲಿ ಕಂದಾಗಿ ಬರುತ್ತದೆ.
ಅದನ್ನು ಹೇಳಬೇಕಿತ್ತು ನಾನು.