ಹಿಗ್ಗಿನ ಅಳತೆ

ಅಂತರಸನಹಳ್ಳಿಯ ಮೂರನೇ ಅಡ್ಡರಸ್ತೆ,
ಎಣ್ಣೆ ಕುಡಿದ ನೆಲ.
ಅಲ್ಲಿ ನನ್ನ ಮೇಜು, ಮೈಕ್ರೋಮೀಟರು, ಬಗ್ಗಿದ ಕತ್ತಿನ ದೀಪ.
ಹಳೇ ಸೀರೆಯ ಮೆತ್ತನೆ ತುಂಡಿನ ಮೇಲೆ
ಸಾಲಾಗಿ ಮಲಗಿದ ಬೋಲ್ಟುಗಳು,
ಕಿರುಬೆರಳಿಗಿಂತ ಸಪೂರ.

ಸೇರಿದ ದಿನವೇ ಯಾಕೂಬ್ ಸಾಬರು ಕೇಳಿದ್ದರು:
"ಬೋಲ್ಟು ಹೆಂಗೆ ಹಿಡಕೊಳ್ತದೆ, ಹೇಳಮ್ಮ ಗಂಗಾಂಬಿಕೆ?"
ಬಿಗಿಯಿಂದ, ಅಂದೆ. ನಕ್ಕರು.
"ಬಿಗಿದಂಗೆಲ್ಲ ಅದು ಹಿಗ್ತದೆ. ಎರಡು ಕೂದಲೆಳೆಯಷ್ಟು.
ಹಿಗ್ಗಿದ್ದು ತನ್ನ ಅಳತೆಗೆ ವಾಪಸ್ ಬರಬೇಕು ಅಂತ ಎಳೀತದಲ್ಲ,
ಆ ಆಸೇನೇ ಕಣಮ್ಮ ಹಿಡಿತ."
ಇನ್ನೂ ಜಾಸ್ತಿ ಹಿಗ್ಗಿದರೆ?
"ಹಿಗ್ಗಿ ಹೀರೇಕಾಯಿ. ಆಮೇಲೆ ಅದು ಬೋಲ್ಟಲ್ಲ,
ದಾರ ಸುತ್ತಿದ ಮೊಳೆ."

ಆ ಕಾರುಗಳನ್ನು ನಾನು ಹತ್ತಿದವಳಲ್ಲ.
ಕ್ಯಾತ್ಸಂದ್ರದಿಂದ ಎರಡು ಬಸ್ಸು, ನಿಂತುಕೊಂಡೇ.
ಆದರೂ ಗೊತ್ತು:
ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು,
ಸುತ್ತಿಗೊಮ್ಮೆ ತುದಿ ಮುಟ್ಟಿದ ಪಿಸ್ಟನ್ನು
ಇನ್ನೂ ಮೇಲೆ ಹಾರಿಹೋಗುತ್ತೇನೆ ಅನ್ನುತ್ತದೆ.
ಸಾಕು ಬಾ, ಎಂದು ಕೆಳಗೆಳೆಯುವುದು
ರಾಡಿನ ಬುಡದ ಈ ಎರಡು ಬೋಲ್ಟು.
ಒಂದು ಕೈಬಿಟ್ಟರೂ
ರಾಡು ಎಂಜಿನ್ನಿನ ಗೋಡೆ ಒಡೆದು ರಸ್ತೆ ನೋಡುತ್ತದೆ.

ಕೊಯಮತ್ತೂರಿನ ಗಿರಾಕಿಗೆ ಹೊಳಪು ಬೇಕಿತ್ತು.
ನಾವು ಕಪ್ಪಗೇ ಕಳಿಸುವವರು.
ಸತುವಿನ ತೊಟ್ಟಿಗೆ ಇಳಿಸಿದೆವು ಅರವತ್ತನಾಲ್ಕು.
ಹೊಳಪಿನ ಜೊತೆಗೆ ಒಂದು ಗಾಳಿಯೂ
ಉಕ್ಕಿನೊಳಕ್ಕೆ ನುಸುಳುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ,
ಜಲಜನಕ ಅನ್ನುತ್ತಿದ್ದರು ಹೈಸ್ಕೂಲಿನಲ್ಲಿ.
ನಾಲ್ಕು ಗಂಟೆಯೊಳಗೆ ಒಲೆಗೆ ಹಾಕಿ
ಇನ್ನೂರು ಡಿಗ್ರಿಯಲ್ಲಿ ಬೇಯಿಸಿ ಅದನ್ನು ಹೊರಗಟ್ಟಬೇಕು.
ಅವತ್ತು ಎಂಟೂ ಹತ್ತಕ್ಕೆ ಹೋದ ಕರೆಂಟು
ಬಂದದ್ದು ಎರಡೂವರೆಗೆ.

ಬೆಳಿಗ್ಗೆ ನೋಡಿದರೆ ಅಳತೆ ಸರಿ, ಗಡಸು ಸರಿ,
ಹೊಳಪಿನಲ್ಲಿ ನನ್ನ ಮೂಗುತಿ ಕಾಣುತ್ತಿತ್ತು.
"ಪ್ಯಾಕ್ ಮಾಡಿ" ಅಂದರು ಜಯದೇವಪ್ಪನವರು.
ಕೆಟ್ಟವರಲ್ಲ.
ಹೋದ ತಿಂಗಳ ನಮ್ಮ ಸಂಬಳಕ್ಕೆ ಹೆಂಡತಿಯ ಬಳೆ ಅಡವಿಟ್ಟವರು.
ಟೇಪು ಹಾಕುವ ಕೈ ನಡುಗಿತು ಎಂದರೆ ಸುಳ್ಳು.
ಹಾಕಿದೆ. ಹಾಕಿದ ಮೇಲೆ
ಒಂದು ರಾತ್ರಿ ಕೊಡಿ, ಅಂದೆ.

ಉಕ್ಕಿನ ದಿಮ್ಮಿಯಲ್ಲಿ ಮೂರನ್ನು ಬಿಗಿದೆ,
ಎಷ್ಟು ಹಿಗ್ಗಿದವೋ ಬರೆದುಕೊಂಡೆ.
ಮನೆಗೆ ಫೋನು: ಸಾರು ಫ್ರಿಜ್ಜಿನಲ್ಲಿದೆ, ಇವತ್ತು ಬರಲ್ಲ.
ಸಾಬರು ತಮಗೊಂದು ಚಾಪೆ ಬಾಗಿಲ ಹೊರಗೆ ಹಾಸಿಕೊಂಡರು.
ಶಿರಾ ಕಡೆಯ ಲಾರಿಗಳು ಹೋದವು, ಹೋದವು, ನಿಂತವು.
ಯಾರೂ ಮುಟ್ಟಲಿಲ್ಲ. ಯಾರೂ ಸ್ಪ್ಯಾನರು ಎತ್ತಲಿಲ್ಲ.
ಮೂರೂ ಇಪ್ಪತ್ತಕ್ಕೆ

ಟಣ್.

ಒಂದು ತಲೆ ತಗಡಿನ ಗೋಡೆಗೆ ಬಡಿದು
ಉರುಳಿ ಬಂದು
ನನ್ನ ಚಪ್ಪಲಿಯ ಪಕ್ಕ ನಿಂತಿತು, ಹೊಳೆಯುತ್ತ.

ಸಾಬರು ಮುರಿದ ಜಾಗವನ್ನು ದೀಪಕ್ಕೆ ಹಿಡಿದರು.
ಕಲ್ಲುಸಕ್ಕರೆ ಒಡೆದಂತೆ ಹರಳು ಹರಳು.
ಏನೂ ಹೇಳಲಿಲ್ಲ. ಟೀ ಮಾಡಿದರು.

ಜಯದೇವಪ್ಪನವರು ಟೇಪನ್ನು ತಾವೇ ಹರಿದರು.
ಗುಜರಿಯವನ ತಕ್ಕಡಿಯಲ್ಲಿ ಅರವತ್ತೊಂದು ಬೋಲ್ಟಿನ ತೂಕ
ಒಂದು ಕುಂಬಳಕಾಯಿಯಷ್ಟೂ ಇರಲಿಲ್ಲ.
ರಿಜಿಸ್ಟರಿನ ಕಾರಣದ ಕಾಲಮ್ಮಿನಲ್ಲಿ
ಕರೆಂಟು ಅಂತ ಬರಿ, ಅಂದರು.
ಬರೆದೆ. ಪಕ್ಕದಲ್ಲಿ ಸಣ್ಣಗೆ, ಹೊಳಪು.

ಉಳಿದ ಎರಡು ಆ ದಿಮ್ಮಿಯಲ್ಲೇ ಇವೆ, ನನ್ನ ಮೇಜಿನ ಕೆಳಗೆ.
ಬಿಚ್ಚಲು ಯಾರೂ ಹೇಳಿಲ್ಲ.
ಮುರಿದಿಲ್ಲ. ವಾಪಸ್ಸೂ ಬಂದಿಲ್ಲ.
ಡಬ್ಬಿ ತೆಗೆಯಲು ಬಗ್ಗಿದಾಗೆಲ್ಲ
ಕಿವಿ ತಾನಾಗಿ ಅತ್ತ ಹೋಗುತ್ತದೆ.