ಚುಕ್ಕೆಗೆರೆಯ ಊರು

ಮಾರಾಟದ ಕಚೇರಿಯಲ್ಲಿ ಮೇಜಿನಗಲ ಒಂದು ಊರು.
ಬೆಂಡಿನ ಮನೆಗಳು, ಸ್ಪಂಜಿನ ಮರಗಳು,
ನೀಲಿ ಗಾಜಿನ ಕೆರೆ.
ರೈಲು ಬರುವಲ್ಲಿ ಚುಕ್ಕೆಗೆರೆ,
ಶಾಲೆಗೆ ಚುಕ್ಕೆಗೆರೆಯ ಚೌಕ.
ಚುಕ್ಕೆ ಇಟ್ಟವಳು ಎಳೆ ಎಳೆಯದೆ
ಒಲೆ ಮೇಲಿನ ಹಾಲು ನೆನಪಾಗಿ ಎದ್ದು ಹೋದ ಹಾಗೆ.
"ಯಾವಾಗ?" ಅಂದೆ.
ಟ್ರೇಸಿ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದಳು.

ಪಕ್ಕದಲ್ಲೇ ತೋರುಮನೆ.
ಬುಟ್ಟಿಯಲ್ಲಿ ಪ್ಲಾಸ್ಟಿಕ್ ನಿಂಬೆಹಣ್ಣು,
ಗೋಡೆಯ ಟೀವಿ ರಟ್ಟಿನದು,
ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ.
ಸುಮೇಧಾ ಮಂಚ ಏರಿ ಮಲಗಿದಳು,
ಹತ್ತು ವರ್ಷದವಳ ಕಾಲೂ ಅಂಚಿನಾಚೆ:
ಕೋಣೆ ದೊಡ್ಡದಾಗಿ ಕಾಣಲೆಂದು
ಮಂಚ ಗಿಡ್ಡ ಮಾಡಿಸಿದ್ದರು.
ಪಂಪಾಪತಿ, ಯಾರೂ ನೋಡದಾಗ, ನಲ್ಲಿ ತಿರುವಿದ.
ನೀರಿಲ್ಲ.
ಮೆಲ್ಲಗೆ ಮತ್ತೆ ಮುಚ್ಚಿದ, ಹರಿಯುತ್ತಿದ್ದ ಹಾಗೆ.

ನಿಯಮದ ಪುಸ್ತಕ ನಲವತ್ತು ಪುಟ.
ಬೇಲಿ ಯಾವ ಬೂದಿ ಬಣ್ಣ,
ಅಂಚೆಪೆಟ್ಟಿಗೆ ಎಷ್ಟು ಎತ್ತರ,
ಒಣಹಾಕಿದ ಬಟ್ಟೆ ರಸ್ತೆಗೆ ಕಾಣಬಾರದು,
ಮುಂದೆ ಒಂದು ಮರ, ಪಟ್ಟಿಯಲ್ಲಿರುವುದೇ.
ಹೊಸ್ತಿಲ ಬಗ್ಗೆ ಏನೂ ಬರೆದಿಲ್ಲ.
ಹೊಸ್ತಿಲೇ ಇಲ್ಲ.
ಕಂಪ್ಲಿಯ ವಾಸ್ತು ಶಾಸ್ತ್ರಿಗಳಿಗೆ ನಕ್ಷೆ ಕಳಿಸಿದೆವು.
ಇಲ್ಲಿ ಸೂರ್ಯ ಉತ್ತರಕ್ಕೆ ವಾಲಿ ನಡೆಯುತ್ತಾನೆಂದು ತಿಳಿದು
ಬಹಳ ಹೊತ್ತು ಸುಮ್ಮನಿದ್ದರು.
"ನೋಡವಾ, ಅಲ್ಲಿನ ಸೂರ್ಯನ್ನ ನಾ ಕಂಡಿಲ್ಲ,"
ಅಂದು, ದಕ್ಷಿಣೆ ಬೇಡವೆಂದರು.

ಸಹಿ ಹಾಕಿದ ರಾತ್ರಿ ನನಗೆ ಪಾಳಿ.
ವೃದ್ಧಾಶ್ರಮದ ಏಳನೇ ಕೋಣೆ, ಮಿಸೆಸ್ ಹ್ಯಾಲೋರನ್,
ಮೊಣಕಾಲಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ
ಎಲ್ಲಿ ಕೊಂಡೆ ಅಂದಳು.
"ಹೆರನ್ ವಾಟರ್ಸ್."
ಕೇಳಿಲ್ಲ ಅಂದಳು.
ಟಾರ್ನೀಟ್ ದಾಟಿ, ಹಳೆಯ ನೀರಿನ ತೊಟ್ಟಿಯ ಬಲಕ್ಕೆ—
"ಅಯ್ಯೋ, ಅದು ನಮ್ಮಪ್ಪನ ಬಾರ್ಲಿ ಹೊಲ!
ಅಲ್ಲೆಲ್ಲಿಯ ನೀರು ಮಗೂ? ಅಲ್ಲಿರೋದು ಕಲ್ಲು.
ಬೇಸಗೆ ರಜೆಯಿಡೀ ಆರೂ ಮಕ್ಕಳು ಆರಿಸ್ತಿದ್ವಿ.
ಮರುವರ್ಷ ಮತ್ತೆ ಮೇಲೆ ಬರ್ತಿದ್ವು,
ಆಲೂಗಡ್ಡೆ ಹಾಗೆ."
ನಕ್ಕಳು. ಹಲ್ಲು ಲೋಟದಲ್ಲಿತ್ತು.
ನಾನು ಹೇಳಲಿಲ್ಲ, ಬಿಲ್ಲಿನ ಮೂರನೇ ಪುಟದಲ್ಲಿ
ಬಂಡೆ ತೆಗೆಯಲು ಹೆಚ್ಚುವರಿ
ಹನ್ನೊಂದು ಸಾವಿರ ಡಾಲರ್ ಎಂದು.

ಭಾನುವಾರ ಹೋದೆವು.
ಲಾಟ್ ಇನ್ನೂರ ಹದಿನಾಲ್ಕು:
ನಾಲ್ಕು ಗೂಟ, ಗುಲಾಬಿ ರಿಬ್ಬನ್ನು, ಮಿಕ್ಕಿದ್ದು ಗಾಳಿ.
ಪಂಪಾಪತಿ ಹೆಜ್ಜೆ ಅಳೆದು ಷೂ ತುದಿಯಿಂದ ಗೆರೆ ಎಳೆದ.
ಇದು ಅಡುಗೆಮನೆ. ಇದು ನಾವು ಮಲಗೋದು.
ಸುಮೇಧಾ ಗೋಡೆ ಹಾದು ಓಡಿ ಬಂದಳು.
"ಬಾಗಿಲಿಂದ ಬಾರೇ!"
ಗದರಿದ. ಅವಳು ಹಿಂದೆ ಹೋಗಿ
ಸುತ್ತಿಕೊಂಡು, ಬಾಗಿಲಿಂದ ಬಂದಳು.
ಇನ್ನೂರ ಹದಿನೈದರಲ್ಲಿ ಹರ್ಜೋತ್ ಕೌರ್
ಮಡಚುಕುರ್ಚಿ ಹಾಕಿ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಳು,
ತನ್ನ ಹಜಾರದಲ್ಲಿ.
"ಒಳಗೆ ಬನ್ನಿ," ಅಂದಳು.
ಯಾಕೋ ಚಪ್ಪಲಿ ಬಿಡಲು ಬಗ್ಗಿದೆ.

ಹೊಸಪೇಟೆಯವಳು ನಾನು.
ಹೆಸರಲ್ಲೇ ಇದೆ ಹೊಸದು,
ಎಷ್ಟು ನೂರು ವರ್ಷದಿಂದಲೋ ಹಾಗೇ ಕರೆಯುತ್ತೇವೆ.
ಅಲ್ಲೂ ಯಾವನೋ ಅರಸ ಬಯಲಿಗೆ ಬೆರಳು ತೋರಿ
ಇಲ್ಲಿ ಕೆರೆ, ಇಲ್ಲಿ ಅಂಗಡಿಸಾಲು ಅಂದಿರಬೇಕು;
ಮೊದಲು ಗಂಟು ಇಳಿಸಿದವಳು
ಯಾವಾಗ ಅಂತ ಕೇಳಿರಬೇಕು.
ಕೊಟ್ಟ ಉತ್ತರ ಯಾರೂ ಶಾಸನ ಮಾಡಿಸಲಿಲ್ಲ.

ಹೊರಡುವಾಗ ಅಡುಗೆಮನೆಯಿಂದ
ಒಂದು ಕಲ್ಲು ಎತ್ತಿಕೊಂಡೆ. ಕರಿಯದು, ತೂತುತೂತು,
ನಮ್ಮೂರ ಬಂಡೆಗಳ ಬಳಗವೇನಲ್ಲ.
ಸೋಮವಾರ ರಾತ್ರಿ ಏಳನೇ ಕೋಣೆಯಲ್ಲಿ
ಅವಳ ಅಂಗೈಗೆ ಇಟ್ಟೆ.
ಮಗುಚಿ ನೋಡಿದಳು, ತೂಕ ನೋಡಿದಳು.
"ಇನ್ನೂ ಬರ್ತಾ ಇವೆಯಾ," ಅಂದು
ಹಲ್ಲಿನ ಲೋಟದ ಪಕ್ಕ ಇಟ್ಟುಕೊಂಡಳು.