ಬೆನ್ನಿನ ತೇಪೆ

ಕಾನ್ಸಾಸಿನ ಈ ಬಯಲಲ್ಲಿ ಮರ ಕಡಿಮೆ,
ಬೇಲಿಯ ಗೂಟಗಳೂ ಕಲ್ಲಿನವೇ.
ಅದೇ ಹಳದಿ ಸುಣ್ಣಗಲ್ಲಿನಲ್ಲಿ ಎದ್ದಿದೆ
ಕಪುಚಿನ್ ಸಹೋದರರ ಇಗರ್ಜಿ, ಮಗ್ಗುಲಿಗೇ ಮಠ.
ಅಗೆದಾಗ ಮೆತ್ತಗಿದ್ದು
ಗಾಳಿ ಕುಡಿದು ಗಟ್ಟಿಯಾಗುವ ಕಲ್ಲು.
ಬಾಗಿಲ ಬಲಕ್ಕೆ, ಮೊಣಕಾಲೆತ್ತರದಲ್ಲಿ
ಒಂದು ಚಿಪ್ಪು ಅರ್ಧ ಬಾಯಿ ತೆರೆದು
ಇಲ್ಲದ ಕಡಲಿಗೆ ಕಾದಿದೆ.

ಒಳಗೆ ಚಿನ್ನವಿಲ್ಲ. ಅದು ಅವರ ಕಟ್ಟಳೆ.
ಪೀಠ ಅಕ್ರೋಟದ್ದು, ಮೊಳೆಯಿಲ್ಲದೆ ಕೂಡಿಸಿದ್ದು,
ಎಣ್ಣೆ, ಮೊಣಕೈ ತಾಗಿ ತಾಗಿ ಕಪ್ಪಾದದ್ದು.
ಕಂಬಗಳಿಗೆ ಹೂವಿಲ್ಲ, ಬಳ್ಳಿಯಿಲ್ಲ,
ಸುಮ್ಮನೆ ನಿಂತಿವೆ
ಗೋಧಿ ತೂಗಿಸಲು ಸಾಲು ನಿಂತವರ ಹಾಗೆ.
ಮಠದ ಕೋಣೆಗಳ ಬಾಗಿಲು ಎಷ್ಟು ಕುಳ್ಳೆಂದರೆ
ಬಿಷಪ್ಪರೂ ತಲೆ ತಗ್ಗಿಸಬೇಕು.
ನಾನು ಐದಡಿಗೂ ಒಂದಿಂಚು ಕಡಿಮೆ. ನನಗೆ ರಿಯಾಯಿತಿ.

ನನ್ನ ಕೆಲಸ ಒಂದೇ ಪಟ:
ಸಂತ ಫ್ರಾನ್ಸಿಸ್, ಎಂಟಡಿ ಎತ್ತರ,
ಬರೆದವರು ಅಡಿಗೆಮನೆಯ ಬ್ರದರ್ ಓಟ್ಮರ್.
ಮೇಲೆ ಮೇಣದಬತ್ತಿಯ ಮಸಿ, ನೂರು ಬೇಸಗೆಯ ದೂಳು,
ಯಾರೋ ಭಕ್ತಿಯಿಂದ ಸವರಿದ ಅಗಸೆಣ್ಣೆ.
ಹತ್ತಿಯುಂಡೆ, ಎಂಜಲು, ತಾಳ್ಮೆ.
ನಗಬೇಡಿ, ಈ ಕಸುಬಿನಲ್ಲಿ
ಎಂಜಲಿನಷ್ಟು ಹಗುರವಾದ ಮದ್ದು ಇನ್ನೊಂದಿಲ್ಲ.
ದೇವರ ಮನುಷ್ಯನ ಮುಖವನ್ನು ಎಂಜಲಲ್ಲಿ ತೊಳೆದೆನೆಂದು
ಅಮ್ಮನಿಗೆ ಮಾತ್ರ ಹೇಳಿಲ್ಲ.

ಮೂರನೆಯ ವಾರ, ನಿಲುವಂಗಿಯ ಎಡಪಕ್ಕೆಯಲ್ಲಿ
ಒಂದು ತೇಪೆ ಎದ್ದುಬಂತು. ಬಣ್ಣದಲ್ಲಿ ಬರೆದ ತೇಪೆ,
ಸುತ್ತಲ ಕಂದಿಗಿಂತ ಗುಲಗಂಜಿಯಷ್ಟು ಕೆಂಪು,
ನಾಲ್ಕೂ ಅಂಚಿಗೆ ದಾರದ ಚುಕ್ಕಿ ಚುಕ್ಕಿ.
ಬಡತನದ ಸಂಕೇತ, ಎಂದು ಗುರುತು ಹಾಕಿಕೊಂಡೆ.

ಆಮೇಲೆ ಪಟ ಮಗುಚಿದೆವು,
ನಾನು, ಗಂಟೆ ಹೊಡೆಯುವ ವೆಂಡೆಲಿನ್.
ಬೆನ್ನಿನಲ್ಲಿ, ಅದೇ ಜಾಗದಲ್ಲಿ
ಅಂಗೈಯಗಲ ನಿಜವಾದ ಉಣ್ಣೆ.
ತಮ್ಮದೇ ನಿಲುವಂಗಿಯ ಅಂಚು ಕತ್ತರಿಸಿ
ಹರಿದ ಕ್ಯಾನ್ವಾಸಿಗೆ ಹೊಲಿದಿದ್ದರು,
ಕೌದಿಯ ಹೊಲಿಗೆ,
ನಮ್ಮಜ್ಜಿಯದೂ ಇಷ್ಟೇ ವಾರೆ.

ಏಣಿ ಬಿದ್ದದ್ದಂತೆ. ವೆಂಡೆಲಿನ್‌ನ ಅಜ್ಜನ ಏಣಿ.
ಸಂತನ ಪಕ್ಕೆ ಹರಿದು ಹುಡುಗ ಮೂರು ದಿನ ಉಣ್ಣಲಿಲ್ಲವಂತೆ.
ಬ್ರದರ್ ಬೈಯಲಿಲ್ಲ, ಸೂಜಿ ತಂದರು.
ಹಿಂದೆ ಹೊಲಿದರು.
ಮುಂದೆ, ಹೊಲಿಗೆಯನ್ನೇ ಬರೆದರು.

ನಿಯಮ ನೋಡಿದರೆ ನಾನದನ್ನು ಬಿಚ್ಚಬೇಕು:
ಉಣ್ಣೆ ತೇವ ಹೀರುತ್ತದೆ, ಬಟ್ಟೆಯನ್ನು ಜಗ್ಗುತ್ತದೆ.
ಚಿಮುಟ ಹಿಡಿದು ಬಹಳ ಹೊತ್ತು ಕೂತೆ.
ಹೊರಗೆ ಗೋಧಿ ಲಾರಿಯೊಂದು ಹೋಯಿತು,
ಕಿಟಕಿಯ ಗಾಜೆಲ್ಲ ಗುಂಯ್ಗುಟ್ಟಿತು.

ವರದಿಯಲ್ಲಿ ಬರೆದೆ:
ಹಳೆಯ ದುರಸ್ತಿ. ಗಟ್ಟಿಯಿದೆ. ಮುಟ್ಟಿಲ್ಲ.

ಮುಟ್ಟಿಲ್ಲ ಎಂದದ್ದು ಸುಳ್ಳು.
ಮೂಸಿಯೂ ನೋಡಿದೆ.
ಕುರಿ, ಮೇಣ,
ಮತ್ತೆ ಒಂಚೂರು ಈರುಳ್ಳಿಯೋ ಏನೋ.